ಚಂದ್ರಬಂಡದ ಜೀಪು

ರಾಯಚೂರು ತಾಲ್ಲೂಕಿನ ಚಂದ್ರಬಂಡದ ಒಂದು ಮನೆಯ ಹಿತ್ತಲಲ್ಲಿ, ಕಣಿಕೆಯ ಬಣವೆಗೂ ದನದ ಕೊಟ್ಟಿಗೆಗೂ ನಡುವೆ, ತಗಡಿನ ಚಪ್ಪರದಡಿಯಲ್ಲಿ ಹಳೆಯ ಜೀಪೊಂದು ನಿಂತಿದೆ. ಎತ್ತರದ ಬಾನೆಟ್ಟಿನ, ವಿಲ್ಲಿಸ್ ಮಾದರಿಯ, ಮಹೀಂದ್ರ ಸಂಸ್ಥೆ ನಮ್ಮ ದೇಶದಲ್ಲಿಯೇ ಕಟ್ಟಿದ ಗಾಡಿ ಅದು. ಸರಕಾರಿ ಹರಾಜಿನಲ್ಲಿ ಮನೆಯ ಯಜಮಾನರ ತಂದೆಯವರು ಅದನ್ನು ಕೊಂಡು ತಂದರಂತೆ. ನಾನು ಆ ಭಾಗದಲ್ಲಿ ಸೇವೆಯಲ್ಲಿದ್ದಾಗ ಬೆಳೆದ ಪರಿಚಯ ಈ ಕುಟುಂಬದ್ದು. ಅವರು ನಮ್ಮ ಸಭೆಯವರಲ್ಲ. ಆದರೂ ಮನೆಯಲ್ಲಿ ಮಾತು ಮುರಿದಾಗ ನನಗೊಂದು ಕರೆ ಬರುತ್ತದೆ. ಈ ಸಲ ಮಾತು ಮುರಿದದ್ದು ಹೊಲಕ್ಕಾಗಿ ಅಲ್ಲ, ಜೀಪಿಗಾಗಿ.

ಹಿರಿಯ ಮಗ ಬೆಂಗಳೂರಿನಲ್ಲಿ ಉದ್ಯೋಗಿ. ಗಾಡಿಯನ್ನು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಮಾಡಿಸಿ ಹಳೆಯ ವಾಹನಗಳ ರ‍್ಯಾಲಿಗೆ ಒಯ್ಯಬೇಕೆಂಬುದು ಅವನ ಆಸೆ. ಕಿರಿಯ ಮಗ ಊರಿನಲ್ಲಿಯೇ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನು ಮೊಬೈಲಿನಲ್ಲಿ ಆಸ್ಟ್ರೇಲಿಯಾದ ಯಾವುದೋ ಕಾರು ಜಾತ್ರೆಯ ಚಿತ್ರಗಳನ್ನು ನೋಡಿದ್ದಾನೆ. ಹಳೆಯ ಅಮೆರಿಕನ್ ಕಾರುಗಳ ಒಡಲಿನಲ್ಲಿ ಹೊಸ ಎಂಜಿನ್, ಅಗಲವಾದ ಟೈರು, ಕನ್ನಡಿಯಂತೆ ಹೊಳೆಯುವ ಬಣ್ಣ. ನಮ್ಮ ಜೀಪನ್ನೂ ಹಾಗೆ ಮಾಡಿದರೆ ತಪ್ಪೇನು ಎಂಬುದು ಅವನ ಪ್ರಶ್ನೆ. ಇಬ್ಬರ ನಡುವೆ ಕುಳಿತಿದ್ದ ಯಜಮಾನರು ನನ್ನನ್ನು ಕೇಳಿದ್ದು ಬೇರೆಯದೇ ಪ್ರಶ್ನೆ: “ಫಾದರ್, ನೀವು ಓದಿದವ್ರು. ಎಂಜಿನ್ ಬದಲಾತು, ಗೇರ್‌ಬಾಕ್ಸ್ ಬದಲಾತು, ಸೀಟು, ತಾಡಪತ್ರಿ ಎಲ್ಲಾ ಬದಲಾತು. ಈಗ ಇದು ನಮ್ಮಪ್ಪ ತಂದ ಗಾಡಿನೇ ಹೌದೋ ಅಲ್ಲೋ, ಹೇಳ್ರಿ.”

ಈ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ. ಅಲ್ಲಿ ಜೀಪಿನ ಬದಲು ಹಡಗಿತ್ತು. ಗ್ರೀಕ್ ಲೇಖಕ ಪ್ಲೂಟಾರ್ಕನು ಬರೆದಂತೆ, ವೀರ ಥೀಸಿಯಸ್ ಮರಳಿ ಬಂದ ಮೂವತ್ತು ಹುಟ್ಟುಗಳ ಹಡಗನ್ನು ಅಥೆನ್ಸಿನ ಜನ ತಲೆಮಾರುಗಳ ಕಾಲ ಕಾಪಾಡಿದರು. ಲಡ್ಡಾದ ಹಲಗೆಯನ್ನು ತೆಗೆದು ಗಟ್ಟಿಯಾದದ್ದನ್ನು ಕೂಡಿಸುತ್ತಾ ಬಂದರು. ಎಲ್ಲ ಹಲಗೆಗಳೂ ಬದಲಾದ ಮೇಲೆ ಅದು ಅದೇ ಹಡಗೇ? 1655ರಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಈ ಗಂಟನ್ನು ಮತ್ತಷ್ಟು ಬಿಗಿಗೊಳಿಸಿದನು. ತೆಗೆದ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟುಕೊಂಡು ಅದೇ ಕ್ರಮದಲ್ಲಿ ಮತ್ತೊಂದು ಹಡಗು ಕಟ್ಟಿದರೆ, ಎರಡರಲ್ಲಿ ಥೀಸಿಯಸ್ಸನದು ಯಾವುದು? ಅರಿಸ್ಟಾಟಲನ ಶಿಷ್ಯರಂತೆ ನಾವು ‘ದ್ರವ್ಯ ಬದಲಾದರೂ ರೂಪ ಉಳಿದರೆ ಸಾಕು’ ಎಂದು ಉತ್ತರ ಬರೆದು ಅಂಕ ಪಡೆದೆವು. ಪರೀಕ್ಷೆಗೆ ಅದು ಸಾಕಾಗಿತ್ತು. ಚಂದ್ರಬಂಡದ ಹಿತ್ತಲಿಗೆ ಸಾಕಾಗಲಿಲ್ಲ.

ಏಕೆಂದರೆ ಇಲ್ಲಿ ಕಾನೂನಿನ ಮಾತೂ ಇದೆ. ಕೇಂದ್ರ ಸರಕಾರವು 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ಹಳೆಯ ವಾಹನಗಳಿಗೆ ಒಂದು ಅರ್ಥವನ್ನು ನಿಗದಿಪಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಒಡಲು, ಎಂಜಿನ್ ಮೂಲ ಸ್ಥಿತಿಯಲ್ಲಿ ಇರಬೇಕು. ಅಂಥ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಶೇಷ ಸಂಖ್ಯೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಪ್ರದರ್ಶನಕ್ಕೆ, ರ‍್ಯಾಲಿಗೆ, ಇಂಧನ ತುಂಬಿಸುವುದಕ್ಕೆ, ರಿಪೇರಿಗೆ ಮಾತ್ರ ಅದನ್ನು ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಕಿರಿಯ ಮಗನ ಆಸೆಗೂ ಕಾನೂನಿನ ತಡೆಯಿದೆ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನದ ರಚನೆಯನ್ನು ಮಾರ್ಪಡಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಈ ತಡೆ ನನಗೆ ಸರಿಯೆಂದೇ ತೋರುತ್ತದೆ. ಅರವತ್ತು ಅಶ್ವಶಕ್ತಿಗೆಂದು ಮಾಡಿದ ಬ್ರೇಕಿನ ಮೇಲೆ ಅದರ ಎರಡರಷ್ಟು ಬಲದ ಎಂಜಿನ್ ಕೂಡಿಸಿದವನು ತನ್ನ ಪ್ರಾಣವನ್ನಷ್ಟೇ ಪಣಕ್ಕಿಡುವುದಿಲ್ಲ. ರಸ್ತೆಯ ಬದಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವನನ್ನು ಯಾರೂ ಕೇಳಿರುವುದಿಲ್ಲ.

ಈಗ ಹಿರಿಯ ಮಗನ ಯೋಜನೆಯನ್ನು ಹತ್ತಿರದಿಂದ ನೋಡೋಣ. ಜೀಪಿನ ಮೂಲ ಪೆಟ್ರೋಲ್ ಎಂಜಿನ್ ಈಗಿಲ್ಲ. 1970ರ ದಶಕದಲ್ಲಿ ತೈಲದ ಬೆಲೆ ಏರಿದ ಮೇಲೆ ನಾಡಿನ ಉದ್ದಗಲಕ್ಕೂ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂಡಿಸುವ ಕೆಲಸ ನಡೆಯಿತು. ಈ ಜೀಪಿಗೂ 1986ರಲ್ಲಿ ಮ್ಯಾಟಡಾರ್ ಎಂಜಿನ್ ಬಂತು. ಅಂದಿನಿಂದ ಶೇಂಗಾ ಚೀಲ, ಹತ್ತಿಯ ಅಂಡಿಗೆ, ಮದುವೆಯ ದಿಬ್ಬಣ, ಹಾವು ಕಡಿದವರು, ಹೆರಿಗೆಯ ನೋವಿನವರು ಎಲ್ಲರನ್ನೂ ರಾಯಚೂರಿಗೆ ಒಯ್ದದ್ದು ಆ ಡೀಸೆಲ್ ಎಂಜಿನ್ನೇ. ಹಿರಿಯ ಮಗನು ಹೈದರಾಬಾದಿನ ಗುಜರಿಯಲ್ಲಿ ಹಳೆಯ ಪೆಟ್ರೋಲ್ ಎಂಜಿನ್ ಒಂದನ್ನು ನೋಡಿಟ್ಟಿದ್ದಾನೆ. ಅದನ್ನು ಕೂಡಿಸಿದರೆ ಎಂಜಿನ್ ಸಂಖ್ಯೆ ಹೊಂದದಿದ್ದರೂ ನೋಡುವವರ ಕಣ್ಣಿಗೆ ಗಾಡಿ ‘ಮೂಲ’ದಂತೆ ಕಾಣುತ್ತದೆ. ಚಂದ್ರಬಂಡದ ರಸ್ತೆಯನ್ನೇ ಕಾಣದ, ಇನ್ನಾವುದೋ ಜೀಪಿನ ಎಂಜಿನ್ ಮೂಲವೆನಿಸಿಕೊಳ್ಳುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಈ ಮನೆಗೆ ದುಡಿದ ಎಂಜಿನ್ ‘ಹೊರಗಿನದು’ ಎನಿಸಿಕೊಂಡು ಕಿಲೋ ಲೆಕ್ಕದಲ್ಲಿ ತೂಗಿ ಹೋಗುತ್ತದೆ. ಹಾಬ್ಸ್ ಕೂಡ ಇಂಥ ಗಂಟನ್ನು ಹಾಕಿರಲಿಲ್ಲ.

ಜೀಪಿನ ಚರಿತ್ರೆಯನ್ನು ಬಲ್ಲವರಿಗೆ ‘ಮೂಲ’ ಎಂಬ ಪದ ಇನ್ನಷ್ಟು ಜಾರುತ್ತದೆ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ಸೇನೆ ಇಂಥ ಗಾಡಿಯನ್ನು ಬಯಸಿದಾಗ, 1940ರಲ್ಲಿ ಮೊದಲ ಮಾದರಿಯನ್ನು ಕಟ್ಟಿಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ದೊಡ್ಡ ಗುತ್ತಿಗೆ ದೊರೆತದ್ದು ವಿಲ್ಲಿಸ್ ಕಂಪನಿಗೆ. ಅದೊಂದೇ ಸಾಲದೆಂದು ಅದೇ ನಕ್ಷೆಯಲ್ಲಿ ಫೋರ್ಡ್ ಕಂಪನಿಯೂ ತಯಾರಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಂದಿದ್ದವು. ಇಂದು ಜೀಪಿನ ಗುರುತಾಗಿರುವ ಮುಂಭಾಗದ ಸೀಳುಗಳ ತಗಡು ವಿಲ್ಲಿಸಿನದಲ್ಲ, ಫೋರ್ಡಿನ ಕಲ್ಪನೆ. ಫೋರ್ಡ್ ತನ್ನ ಬೋಲ್ಟುಗಳ ಮೇಲೂ ‘ಎಫ್’ ಅಕ್ಷರವನ್ನು ಒತ್ತುತ್ತಿತ್ತು. ಆದರೆ ರಣರಂಗದಲ್ಲಿ ಗಾಡಿ ಕೆಟ್ಟಾಗ ಯೋಧ ಅಕ್ಷರ ನೋಡುತ್ತಿರಲಿಲ್ಲ, ಕೈಗೆ ಸಿಕ್ಕಿದ್ದನ್ನು ಕೂಡಿಸುತ್ತಿದ್ದನು. ಬಿಡಿಭಾಗಗಳು ಒಂದರ ಜಾಗಕ್ಕೆ ಮತ್ತೊಂದು ಹೊಂದಬೇಕೆಂಬುದೇ ಆ ಗಾಡಿಯ ಮೂಲ ಸಂಕಲ್ಪವಾಗಿತ್ತು. ಭಾರತದಲ್ಲಿ ಮಹೀಂದ್ರ ಸಂಸ್ಥೆ 1947ರಿಂದ ವಿಲ್ಲಿಸ್ ಜೀಪಿನ ಕೆಲಸಕ್ಕೆ ಇಳಿಯಿತು. ಹೀಗೆ ಹುಟ್ಟಿನಿಂದಲೇ ಬೆರಕೆಯಾದ ವಸ್ತುವಿಗೆ ಶುದ್ಧ ಮೂಲವೊಂದನ್ನು ಹುಡುಕುವುದು ಎಷ್ಟರಮಟ್ಟಿಗೆ ಸರಿ?

ಕಿರಿಯ ಮಗ ನೋಡಿದ ಕಾರುಗಳ ಹಿನ್ನೆಲೆಯೂ ಕುತೂಹಲದ್ದು. ಅವುಗಳನ್ನು ‘ಹಾಟ್ ರಾಡ್’ ಎಂದು ಕರೆಯುತ್ತಾರೆ. 1930ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಕೈಯಲ್ಲಿ ಕಾಸಿಲ್ಲದ ಹುಡುಗರು ಗುಜರಿಗೆ ಬಿದ್ದಿದ್ದ ಫೋರ್ಡ್ ಕಾರುಗಳನ್ನು ಕೊಂಡು, ಮಡ್‌ಗಾರ್ಡ್ ಕಿತ್ತೆಸೆದು, ಭಾರ ಇಳಿಸಿ, ಎಂಜಿನ್ ತಿದ್ದಿ, ಒಣಗಿದ ಕೆರೆಯಂಗಳಗಳಲ್ಲಿ ಓಟಕ್ಕೆ ಬಿಡುತ್ತಿದ್ದರು. 1932ರ ಫೋರ್ಡ್ ಅವರಿಗೆ ವರವಾಗಿ ಬಂತು. ಸಾಮಾನ್ಯನ ಕೈಗೆಟುಕುವ ಬೆಲೆಯಲ್ಲಿ ಎಂಟು ಸಿಲಿಂಡರಿನ ಎಂಜಿನ್ ಅದರಲ್ಲಿತ್ತು. ಯುದ್ಧದಿಂದ ಮರಳಿದ ಯುವಕರು ಈ ಹುಚ್ಚನ್ನು ಬೆಳೆಸಿದರು. ಆಸ್ಟ್ರೇಲಿಯಾಕ್ಕೂ ಅದು ಹಬ್ಬಿತು. ಅಲ್ಲಿ ಅಮೆರಿಕದ ಕಾರುಗಳಿಗೆ ಕೊರತೆಯಿರಲಿಲ್ಲ. 1925ರಲ್ಲಿಯೇ ಫೋರ್ಡ್ ಅಲ್ಲಿನ ಜೀಲಾಂಗಿನಲ್ಲಿ ನೆಲೆಯೂರಿತ್ತು, ಅಡಿಲೇಡಿನ ಹೋಲ್ಡನ್ ಸಂಸ್ಥೆ ಜನರಲ್ ಮೋಟಾರ್ಸಿನ ಕಾರುಗಳಿಗೆ ಒಡಲು ಕಟ್ಟುತ್ತಿತ್ತು. ಈಗ ಬಡ ಹುಡುಗರ ಆ ಆಟ ನಿವೃತ್ತರ ದುಬಾರಿ ಹವ್ಯಾಸವಾಗಿದೆ. ‘1932ರ ಫೋರ್ಡ್’ ಎಂದು ಕರೆಸಿಕೊಳ್ಳುವ ಕೆಲವು ಕಾರುಗಳ ಒಡಲು ಇತ್ತೀಚೆಗೆ ಅಚ್ಚು ಹಾಕಿದ ಫೈಬರ್ ಗ್ಲಾಸಿನದು. 1932ರಲ್ಲಿ ತಯಾರಾದ ಒಂದು ತಿರುಪೂ ಅದರಲ್ಲಿ ಇರದಿರಬಹುದು.

ಆದರೂ ಆ ಜನರ ಮೇಲೆ ನನಗೆ ಒಂದು ಬಗೆಯ ಗೌರವವಿದೆ. ‘ಇದು ನಾನು ಮಾಡಿದ್ದು’ ಎಂದು ಅವರು ಬಾನೆಟ್ ತೆರೆದಿಟ್ಟು ತೋರಿಸುತ್ತಾರೆ. ನಮ್ಮಲ್ಲಿಯೂ ಹರಿಯಾಣದ ಮಂಡಿ ದಬ್ವಾಲಿಯ ಕುಶಲಕರ್ಮಿಗಳು ಸೇನೆ ಮಾರಿದ ಜೀಪುಗಳನ್ನು ಬಿಚ್ಚಿ ಬೇಕಾದ ಆಕಾರಕ್ಕೆ ಕಟ್ಟಿಕೊಡುವುದರಲ್ಲಿ ಹೆಸರಾದವರು. ಅವರ ಕೆಲಸದಲ್ಲಿ ಕಾನೂನಿನ ತೊಡಕಿರಬಹುದು, ಸೋಗು ಕಡಿಮೆ. ಮೂಲಕ್ಕೆ ಮರಳಿಸುತ್ತೇನೆ ಎನ್ನುವವನಲ್ಲಿಯೇ ಸೋಗಿನ ಅಪಾಯ ಹೆಚ್ಚು. ಅವನು ಕಾಲವನ್ನು ಅಳಿಸಿ, ಅಳಿಸಿದ ಗುರುತನ್ನೂ ಅಳಿಸಿ, ‘ಏನೂ ಆಗಿಲ್ಲ’ ಎನ್ನುತ್ತಾನೆ. ಹಾಗೆಂದು ಸಂರಕ್ಷಣೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಶ್ರೀರಂಗಪಟ್ಟಣದ ಬಳಿ ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದಿಂದ ರೂಪುಗೊಂಡ ‘ಪಯಣ’ ವಸ್ತುಸಂಗ್ರಹಾಲಯದಂಥ ಜಾಗಗಳು ಇರದಿದ್ದರೆ, ಮೊದಲ ಎಂಜಿನಿಯರುಗಳು ಹೇಗೆ ಯೋಚಿಸಿದರೆಂಬುದು ನಮ್ಮ ಮಕ್ಕಳಿಗೆ ಪುಸ್ತಕದ ಚಿತ್ರವಾಗಿ ಮಾತ್ರ ಉಳಿಯುತ್ತಿತ್ತು. ಕೆಲವು ವಸ್ತುಗಳು ಸಾಕ್ಷಿಗಳಾಗಿ ನಿಲ್ಲಬೇಕು. ಸಾಕ್ಷಿ ತನ್ನ ಮಾತನ್ನು ಬದಲಿಸಬಾರದು. ಆದರೆ ಹಿತ್ತಲಿನ ಜೀಪು ಯಾವುದಕ್ಕೆ ಸಾಕ್ಷಿ? ಕಾರ್ಖಾನೆಗೋ, ಊರಿಗೋ?

ಅದರ ಎಡಗಡೆಯ ಮಡ್‌ಗಾರ್ಡ್ ಒಳಕ್ಕೆ ತಗ್ಗಿದೆ. ಮಳೆಯ ರಾತ್ರಿಯೊಂದರಲ್ಲಿ ಹೆರಿಗೆಯ ನೋವಿನ ಹೆಣ್ಣುಮಗಳೊಬ್ಬಳನ್ನು ಒಯ್ಯುವಾಗ ಬಂಡೆಗೆ ತಾಗಿದ್ದು. ತಾಯಿ, ಮಗು ಇಬ್ಬರೂ ಉಳಿದರು. ಇಬ್ಬರು ಮಕ್ಕಳ ಯೋಜನೆಯಲ್ಲಿಯೂ ಆ ತಗ್ಗು ಟಿಂಕರಿಂಗಿನವನ ಸುತ್ತಿಗೆಗೆ ಸಲ್ಲುವುದೇ. ಸಂತ ಅಗಸ್ಟೀನರು ‘ದೇವರ ನಗರ’ ಎಂಬ ತಮ್ಮ ಗ್ರಂಥದ ಕೊನೆಯಲ್ಲಿ, ಪುನರುತ್ಥಾನದ ದೇಹದಲ್ಲಿ ಎಲ್ಲ ಕುಂದುಗಳೂ ನೀಗಿದರೂ ರಕ್ತಸಾಕ್ಷಿಗಳ ಗಾಯದ ಗುರುತುಗಳು ಉಳಿಯಬಹುದೆಂದೂ, ಅವು ಅಲ್ಲಿ ಕುಂದಾಗಿ ಕಾಣದೆ ಮಾನವಾಗಿ ಕಾಣುವುವೆಂದೂ ವಾದಿಸುತ್ತಾರೆ. ತಗಡಿಗೂ ದೇಹಕ್ಕೂ ಹೋಲಿಕೆ ಸಲ್ಲದೆಂಬುದು ನನಗೆ ಗೊತ್ತು. ಆದರೆ ಯಾವುದು ಕುಂದು, ಯಾವುದು ಗುರುತು ಎಂಬ ವಿವೇಚನೆ ಎರಡು ಕಡೆಯೂ ಒಂದೇ.

ಈ ವಿವೇಚನೆಯಲ್ಲಿ ನಾನೇ ಎಡವಿದ್ದೇನೆ. ಗುರುದೀಕ್ಷೆಯಾದ ಹೊಸತರಲ್ಲಿ ಹಳ್ಳಿಯೊಂದರ ಪುಟ್ಟ ದೇವಾಲಯದ ಜವಾಬ್ದಾರಿ ನನಗೆ ಬಂತು. ಅದರ ಮರದ ಬಾಗಿಲುಗಳು ಗೆದ್ದಲು ಹಿಡಿದು ಸರಿಯಾಗಿ ಮುಚ್ಚುತ್ತಿರಲಿಲ್ಲ. ಕಬ್ಬಿಣದ ಬಾಗಿಲು ಹಾಕಿಸಿ, ಹಳೆಯದನ್ನು ಬಡಗಿಗೆ ಮಾರಿ, ಬಂದ ಹಣಕ್ಕೆ ಜಮಖಾನೆ ತಂದೆ. ಮುಂದಿನ ಭಾನುವಾರ ವೃದ್ಧೆಯೊಬ್ಬರು ಬಂದು ಎಂದಿನಂತೆ ಬಾಗಿಲಿನ ಬಲಪಟ್ಟಿಯನ್ನು ಮುಟ್ಟಲು ಕೈಚಾಚಿದರು, ಕಬ್ಬಿಣಕ್ಕೆ ತಾಗಿ ಕೈ ಹಿಂದೆಗೆದುಕೊಂಡರು. ಆ ಪಟ್ಟಿಯನ್ನು ಕೆತ್ತಿದವರು ಅವರ ಗಂಡ. ಅವರು ನನ್ನನ್ನು ಏನೂ ಅನ್ನಲಿಲ್ಲ. ಬಡಗಿಯ ಬಳಿಗೆ ಓಡಿದೆ; ಅಷ್ಟರಲ್ಲಿ ಅದು ಎರಡು ಸ್ಟೂಲುಗಳಾಗಿ ಮಾರಾಟವಾಗಿತ್ತು. ಬಾಗಿಲು ಬದಲಿಸಿದ್ದು ತಪ್ಪಲ್ಲ ಎಂದೇ ಇಂದಿಗೂ ಅಂದುಕೊಂಡಿದ್ದೇನೆ. ಯಾರನ್ನೂ ಕೇಳದೆ ಬದಲಿಸಿದ್ದು ತಪ್ಪು. ಕೀಲಿ ನನ್ನ ಕೈಯಲ್ಲಿತ್ತು, ಆದ್ದರಿಂದ ಬಾಗಿಲೂ ನನ್ನದೆಂದು ಭಾವಿಸಿದ್ದೆ.

ಯಜಮಾನರಿಗೆ ನಾನು ಹೇಳಿದ್ದು ಇಷ್ಟೇ: “ನಿಮ್ಮ ಅಪ್ಪ ತಂದ ಗಾಡಿ ಇದೇ. ಆದರೆ ಇದು ನಿಮ್ಮ ಅಪ್ಪನ ಗಾಡಿ ಅಷ್ಟೇ ಅಲ್ಲ. ಇದರಲ್ಲಿ ಕೂತವರಿಗೆಲ್ಲ ಇದರಲ್ಲಿ ಒಂದೊಂದು ಪಾಲು ಐತಿ. ಮಕ್ಕಳು ಏನೇ ಮಾಡ್ಲಿ, ಮೊದಲು ಆ ಲೆಕ್ಕ ಬರ್ದಿಡ್ಲಿ.” ಹಿರಿಯ ಮಗನಿಗೆ ನನ್ನ ಮಾತು ಅಷ್ಟೇನೂ ರುಚಿಸಲಿಲ್ಲ. ‘ವಿಎ’ ಸಂಖ್ಯೆ ಸಿಗದೆಂಬುದೇ ಅವನ ಬೇಸರ. ಕಿರಿಯವನು, “ಬ್ರೇಕಾದ್ರೂ ಹೊಸಾವು ಹಾಕ್ಸಬಹುದಲ್ರೀ ಫಾದರ್?” ಎಂದು ಕೇಳಿದ. ಅದನ್ನು ಬೇಡವೆನ್ನಲು ಯಾವ ತತ್ತ್ವಶಾಸ್ತ್ರಕ್ಕೂ ಅಧಿಕಾರವಿಲ್ಲ.

ಸುಗ್ಗಿ ಮುಗಿದ ಮೇಲೆ ಮತ್ತೆ ಆ ದಾರಿಯಲ್ಲಿ ಹೋಗಬೇಕಾಗಿ ಬಂತು. ಬ್ರೇಕು ರಿಪೇರಿಯಾಗಿತ್ತು, ಹೊಸ ತಾಡಪತ್ರಿ ಬಂದಿತ್ತು, ಮ್ಯಾಟಡಾರ್ ಎಂಜಿನ್ ಇದ್ದಲ್ಲಿಯೇ ಇತ್ತು. ಹಿರಿಯ ಮಗ ರಜೆಗೆ ಬಂದವನು ಕಟ್ಟೆಯ ಮೇಲೆ ಕುಳಿತು ಉದ್ದನೆಯ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ತಮ್ಮ ಜೀಪಿನ ಒಂದೊಂದು ಭಾಗವನ್ನು ಮುಟ್ಟಿ ತೋರಿಸುತ್ತಿದ್ದ. ಅದು ಯಾವಾಗ ಬಂತು, ಎಲ್ಲಿಂದ ಬಂತು ಎಂದು ತಂದೆ ಹೇಳುತ್ತಿದ್ದರು. ಎಡಗಡೆಯ ಮಡ್‌ಗಾರ್ಡಿಗೆ ಬಂದಾಗ ಅವರು ತಡೆದರು. ಆ ಮಳೆ ಯಾವ ವರ್ಷದ್ದೆಂದು ನೆನಪಾಗಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವರ ಮನೆಯವರು ಕೈ ನಿಲ್ಲಿಸದೆ ಅಲ್ಲಿಂದಲೇ ಕೂಗಿ ಹೇಳಿದರು: “ನಮ್ಮ ಸಣ್ಣಾಂವ ಇನ್ನಾ ತೊಟ್ಟಿಲಾಗಿದ್ದ ವರ್ಷ. ಹಂಗೇ ಬರ್ಕೋ.”