ಕಾಣದ ಜೀವಿಗಳೂ ಕಾಯಬೇಕಾದ ಜೀವವೂ

ನನ್ನ ತಮ್ಮನಿಗೆ ಮೂತ್ರಪಿಂಡದ ಕಸಿಯಾಗಿ ಎರಡನೆಯ ತಿಂಗಳು ನಡೆಯುತ್ತಿತ್ತು. ಒಂದು ಸಂಜೆ ಮಾತ್ರೆಯ ಡಬ್ಬಿಯನ್ನು ಮುಂದಿಟ್ಟುಕೊಂಡು ಅವನು ಕೇಳಿದ: “ಅಣ್ಣಾ, ಈ ಮಾತ್ರೆ ಬಂದಿರುವ ರೋಗಕ್ಕಲ್ಲವಂತೆ, ಬರಬಹುದಾದ ರೋಗಕ್ಕಂತೆ. ನನ್ನ ಮೇಲೆ ಇನ್ನೂ ಎರಗದ ಜೀವಿಗಳನ್ನು ದಿನವೂ ಕೊಲ್ಲುತ್ತ ಕುಳಿತರೆ ನನ್ನ ಅಹಿಂಸಾಣುವ್ರತ ಉಳಿಯಿತೇ?” ಮೂತ್ರಪಿಂಡವನ್ನು ಕೊಟ್ಟವಳು ಅವನ ಹೆಂಡತಿ. ಆಕೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅದಾಗಲೇ ನಾಲ್ಕು ದಿನಗಳಿಂದ ಅವನು ಆ ಮಾತ್ರೆಯನ್ನು ಬಿಟ್ಟಿದ್ದನೆಂಬುದು ಆಮೇಲೆ ತಿಳಿಯಿತು.

ಮೊದಲು ವಿಷಯದ ಸ್ವರೂಪವನ್ನು ಅರಿಯಬೇಕು. 1954ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರು ನಡೆಸಿದ ಮೂತ್ರಪಿಂಡದ ಕಸಿ ಯಶಸ್ವಿಯಾದದ್ದು ದಾನಿಯೂ ರೋಗಿಯೂ ತದ್ರೂಪಿ ಅವಳಿಗಳಾಗಿದ್ದರಿಂದ. ಉಳಿದವರಲ್ಲಿ ದೇಹವು ಹೊಸ ಅಂಗವನ್ನು ಪರಕೀಯವೆಂದು ಗುರುತಿಸಿ ನಾಶಪಡಿಸಲು ಹವಣಿಸುತ್ತದೆ. ಆದುದರಿಂದ ರೋಗನಿರೋಧಕ ಶಕ್ತಿಯನ್ನೇ ಔಷಧದಿಂದ ತಗ್ಗಿಸಬೇಕಾಗುತ್ತದೆ. (ಈ ಔಷಧಗಳ ಮೂಲವೂ ಸೂಕ್ಷ್ಮಜೀವಿಗಳೇ! ಸೈಕ್ಲೋಸ್ಪೋರಿನ್ ಮಣ್ಣಿನ ಒಂದು ಶಿಲೀಂಧ್ರದಿಂದ ದೊರೆತದ್ದು. ಟ್ಯಾಕ್ರೋಲಿಮಸ್ 1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಕಂಡುಬಂದದ್ದು.) ಅಂಗವನ್ನು ಉಳಿಸಲು ಕಾವಲುಗಾರನನ್ನು ಮಲಗಿಸಿದಂತಾಯಿತು, ಇತರರಿಗೆ ನಿರುಪದ್ರವಿಯಾದ ಜೀವಾಣುವೂ ಇವನಿಗೆ ಮಾರಕವಾಗಬಹುದು. ಮೊದಲ ತಿಂಗಳು ಗಾಯದ ಹಾಗೂ ಆಸ್ಪತ್ರೆಯ ಸೋಂಕುಗಳ ಭಯ. ಆರನೆಯ ತಿಂಗಳವರೆಗೆ ದೇಹದೊಳಗೇ ಸುಪ್ತವಾಗಿದ್ದ ಸೈಟೋಮೆಗಲೋ ವೈರಸ್, ಶ್ವಾಸಕೋಶವನ್ನು ಹಿಡಿಯುವ ನ್ಯೂಮೋಸಿಸ್ಟಿಸ್ ಎಂಬ ಶಿಲೀಂಧ್ರ. ನಮ್ಮ ದೇಶದಲ್ಲಿ ಕ್ಷಯದ ಅಂಜಿಕೆ ಯಾವಾಗಲೂ ಇದ್ದದ್ದೇ. ಆದ್ದರಿಂದಲೇ ವೈದ್ಯರು ಕೋ-ಟ್ರೈಮಾಕ್ಸಜೋಲ್ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ಕೊಡುತ್ತಾರೆ. ತಮ್ಮನು ಬಿಟ್ಟದ್ದು ಅದನ್ನೇ.

ಅವನ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುವುದು ನಮಗೆಲ್ಲ ಪರಿಚಿತ. ಶ್ರಾವಕನು ಬಿಡಲೇಬೇಕಾದದ್ದು ಸಂಕಲ್ಪಿ ಹಿಂಸೆ. ಬಂದ ರೋಗಕ್ಕೆ ಔಷಧ ಸೇವಿಸುವುದು ವಿರೋಧಿ ಹಿಂಸೆಯೆಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಇಲ್ಲಿ ವಿರೋಧಿಯೇ ಇನ್ನೂ ಬಂದಿಲ್ಲವಲ್ಲ! ಹಾಗಾದರೆ ಇದು ಸಂಕಲ್ಪಿಯೇ? ಕೆಲವು ದಿನ ನಾನೂ ಇದರಲ್ಲಿ ತೊಳಲಿದೆ.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳದೆ ಪ್ರಮಾದವನ್ನು ಮುಂದಿಡುತ್ತದೆ. ಈ ದೃಷ್ಟಿಯಿಂದ ನೋಡಿದಾಗ ನನಗೆ ತೋಚಿದ್ದು ಇಷ್ಟು: ಮಾತ್ರೆ ನುಂಗುವವನ ಸಂಕಲ್ಪ ಕೊಲ್ಲುವುದಲ್ಲ, ಮನೆಯಲ್ಲಿ ನೀರನ್ನು ಕಾಯಿಸುವವಳ ಸಂಕಲ್ಪ ಹೇಗೆ ಕೊಲ್ಲುವುದಲ್ಲವೋ ಹಾಗೆ. ಇದು ದೇಹಧಾರಣೆಗೆ ಅನಿವಾರ್ಯವಾದ ಆರಂಭಿ ಹಿಂಸೆಯ ಪಂಕ್ತಿಗೇ ಸೇರುತ್ತದೆ. ಹಿಂಸೆಯೇ ಅಲ್ಲವೆಂದು ಹೇಳಲಾರೆ. ಹಾಗೆ ಹೇಳುವುದು ಆತ್ಮವಂಚನೆ. ಆಲೋಚನಾ ಪ್ರತಿಕ್ರಮಣಗಳಿರುವುದು ಇಂಥ ಉಳಿಕೆಗಾಗಿಯೇ. ವೈದ್ಯರು ಹೇಳಿದ ಅವಧಿ ಮುಗಿದ ಮೇಲೂ ಅಂಜಿಕೆಯಿಂದ ಮಾತ್ರೆಯನ್ನು ಮುಂದುವರಿಸಿದರೆ, ನೆಗಡಿಗೆಲ್ಲ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗಿದರೆ, ಆಗ ಪ್ರಮಾದದ ಮಾತು ಬರುತ್ತದೆ.

ಇನ್ನೊಂದು ಮುಖವೂ ಇದೆ. ತೀವ್ರ ಸೋಂಕು ತಗುಲಿದರೆ ವೈದ್ಯರು ನಿರೋಧಶಕ್ತಿಯನ್ನು ತಗ್ಗಿಸುವ ಔಷಧವನ್ನೇ ಇಳಿಸಬೇಕಾಗಬಹುದು. ಆಗ ದೇಹವು ಕಸಿಯ ಅಂಗವನ್ನು ತಿರಸ್ಕರಿಸುವ ಅಪಾಯವುಂಟು. ಅಂದರೆ ತಮ್ಮನು ಪಣಕ್ಕಿಡುತ್ತಿದ್ದುದು ತನ್ನ ಪ್ರಾಣವನ್ನು ಮಾತ್ರವಲ್ಲ. ಹೆಂಡತಿ ತನ್ನ ದೇಹವನ್ನು ಸೀಳಿಸಿಕೊಂಡು ಕೊಟ್ಟ ಅಭಯದಾನವನ್ನು. ಅದನ್ನು ಕಾಯುವ ಹೊಣೆ ಪಡೆದವನದು. ಸಲ್ಲೇಖನದ ಮಾತೆತ್ತಿದ ಒಬ್ಬ ಹಿರಿಯರಿಗೂ ನಾನು ಹೇಳಿದ್ದು ಇದನ್ನೇ: ಸಮಂತಭದ್ರಾಚಾರ್ಯರು ಅದನ್ನು ಹೇಳಿದ್ದು ಪರಿಹಾರವೇ ಇಲ್ಲದ ರೋಗಕ್ಕೆ.

ವ್ರತದ ತೊಡಕು ಇಲ್ಲಿಗೇ ಮುಗಿಯಲಿಲ್ಲ. ಟ್ಯಾಕ್ರೋಲಿಮಸ್‌ ಅನ್ನು ಅವನು ಹನ್ನೆರಡು ಗಂಟೆಗಳ ಅಂತರದಲ್ಲಿ ಸೇವಿಸಬೇಕು. ಡಿಸೆಂಬರಿನಲ್ಲಿ ನಮ್ಮ ನಾಡಿನ ಹಗಲು ಹನ್ನೊಂದೂವರೆ ಗಂಟೆಗೂ ಕಡಿಮೆ; ಸೂರ್ಯೋದಯ ಸೂರ್ಯಾಸ್ತಗಳ ನಡುವೆ ಎರಡು ಹೊತ್ತಿನ ಮಾತ್ರೆ ಹಿಡಿಸುವುದಿಲ್ಲ. ನಿರ್ಜಲ ಉಪವಾಸವಂತೂ ಕಸಿಯಾದ ಮೂತ್ರಪಿಂಡಕ್ಕೆ ಘಾತಕ. ರಾತ್ರಿಭೋಜನ ತ್ಯಾಗದಲ್ಲಿ ಔಷಧ ಮತ್ತು ನೀರಿಗೆ ವಿನಾಯಿತಿಯಿಟ್ಟು ನಿಯಮ ತೆಗೆದುಕೊಳ್ಳುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಅವನೂ ಗುರುಗಳ ಸಮ್ಮುಖದಲ್ಲಿ ಹಾಗೆಯೇ ಮಾಡಿದ.

ಇನ್ನು ನಮ್ಮ ಸಮಾಜದ ಪಾಲಿನ ಮಾತು. ಇದನ್ನು ಬಸದಿಗಳ ಆಡಳಿತ ನಡೆಸುವವರು ದಯವಿಟ್ಟು ಗಮನಿಸಬೇಕು. ಸೋಂಕು ತಡೆಯುವ ಉಪಾಯಗಳಲ್ಲಿ ಹೆಚ್ಚಿನವು ಯಾವ ಜೀವಿಯನ್ನೂ ಬೆನ್ನಟ್ಟುವಂಥವಲ್ಲ, ದೂರವಿರುವಂಥವು. ಸಾಬೂನಿನಿಂದ ಕೈ ತೊಳೆಯುವುದು, ಬಟ್ಟೆಯಲ್ಲಿ ಸೋಸಿದ್ದಷ್ಟಕ್ಕೇ ನಿಲ್ಲಿಸದೆ ಕುದಿಸಿದ ನೀರು, ಆಗಲೇ ಬೇಯಿಸಿದ ಅನ್ನ, ಹಸಿ ಮೊಳಕೆಕಾಳು ಮತ್ತು ಕಾಯಿಸದ ಹಾಲಿನ ವರ್ಜನೆ, ಜನಸಂದಣಿಯಲ್ಲಿ ಮುಖಕ್ಕೆ ಮಾಸ್ಕ್. ಜೀವಂತ ಲಸಿಕೆಗಳು ಅಂಥ ರೋಗಿಗೆ ನಿಷಿದ್ಧ. ಅದಕ್ಕೆಂದೇ ಮನೆಯವರು ಫ್ಲೂ ಲಸಿಕೆ ಹಾಕಿಸಿಕೊಂಡು ಅವನ ಸುತ್ತ ಗೋಡೆಯಾಗಬೇಕು. ಆದರೆ ನಾವು ಮಾಡುವುದೇನು? ಕೆಮ್ಮುತ್ತಲೇ ಕ್ಷೇಮ ವಿಚಾರಿಸಲು ಹೋಗುತ್ತೇವೆ. ಪಂಚಾಮೃತಾಭಿಷೇಕದ ಗಂಧೋದಕದ ಪಾತ್ರೆಯಲ್ಲಿ ನೂರಾರು ಬೆರಳುಗಳು ಅದ್ದಿರುತ್ತವೆ. ಅದನ್ನು ಕಣ್ಣಿಗೆ ಹಚ್ಚಿಕೊಳ್ಳದೆ ದೂರದಿಂದ ವಂದಿಸಿದವನನ್ನು ಅಶ್ರದ್ಧನೆನ್ನುತ್ತೇವೆ. ಒಂದು ಬಸದಿಯಲ್ಲಿ ನನ್ನ ತಮ್ಮನಿಗೆ ಹಾಗಾಯಿತು. ಅಲ್ಲಿಂದ ಮೂರು ತಿಂಗಳು ಅವನು ದರ್ಶನಕ್ಕೆ ಹೋಗಲಿಲ್ಲ.

ಈಗ ಜನ ಸೇರುವ ಮುನ್ನ, ಬೆಳಗಿನ ಆರೂವರೆಗೆ, ಅರ್ಚಕರು ಅವನಿಗಾಗಿ ಬಾಗಿಲು ತೆರೆಯುತ್ತಾರೆ. ಗರ್ಭಗುಡಿಯ ಎದುರಿನ ಕಂಬಕ್ಕೆ ಒರಗಿ ಕುಳಿತು ಜಪ ಮುಗಿಸುತ್ತಾನೆ. ಮಾತ್ರೆಯ ಡಬ್ಬಿ ಹೆಂಡತಿಯ ಕೈಚೀಲದಲ್ಲಿರುತ್ತದೆ.