ಉತ್ಸವದ ಬಯಲಿನಲ್ಲಿ ಶ್ರಾವಕನ ವ್ರತ

1824ರ ಅಕ್ಟೋಬರ್ 23ರಂದು ಕಿತ್ತೂರಿನ ರಾಣಿ ಚೆನ್ನಮ್ಮನ ಸೈನ್ಯವು ಕಂಪನಿ ಸರಕಾರದ ಸೈನ್ಯವನ್ನು ಸೋಲಿಸಿತು. ಆ ವಿಜಯದ ನೆನಪಿಗೆ ಪ್ರತಿವರ್ಷವೂ ಅಕ್ಟೋಬರ್ ತಿಂಗಳಿನಲ್ಲಿ ಕಿತ್ತೂರು ಉತ್ಸವವು ಜರುಗುತ್ತದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಿಂದ ಜನರು ಸಂಸಾರಸಮೇತ ಬಂದು ಸೇರುತ್ತಾರೆ. ಒಂದೆಡೆ ಡೊಳ್ಳು, ಹಾಡು, ವಾದ್ಯಗೋಷ್ಠಿ. ಇನ್ನೊಂದೆಡೆ ಮಿರ್ಚಿ ಭಜಿ, ಗಿರ್ಮಿಟ್ಟು, ರೊಟ್ಟಿ, ಎಣ್ಣೆಗಾಯಿ. ಅವುಗಳ ನಡುವೆ ಪರದೇಶದ ಹೆಸರು ಹೊತ್ತ ಗೋಬಿ ಮಂಚೂರಿ, ನೂಡಲ್ಸು. ಹಾಡನ್ನು ಎಲ್ಲರೂ ಕೂಡಿಯೇ ಕೇಳುತ್ತಾರೆ. ತಿನ್ನುವ ಹೊತ್ತಿಗೆ ಮಾತ್ರ ಶ್ರಾವಕನು ಬೇರೆ ನಿಲ್ಲಬೇಕಾಗುತ್ತದೆ. ಅವನು ಹೇಗೆ ನಿಲ್ಲಬೇಕು ಎಂಬುದೇ ಇಲ್ಲಿಯ ವಿಚಾರ.

ಬೈಲಹೊಂಗಲದ ಕಿರಾಣಿ ವರ್ತಕರೊಬ್ಬರು ಮೊಮ್ಮಗನೊಡನೆ ಒಂದು ಮಧ್ಯಾಹ್ನ ಈ ಉತ್ಸವಕ್ಕೆ ಹೋಗಿದ್ದರು. ಹುಡುಗನ ಸಹಪಾಠಿಯೊಬ್ಬನು ಬಟಾಟೆ ಭಜಿಯ ಪೊಟ್ಟಣವನ್ನು ಮುಂದೆ ಚಾಚಿ, “ತಗೋರಿ ಅಜ್ಜಾರ” ಎಂದನು. “ಛೀ, ಅಂಥಾದ್ದು ನಾವು ಮುಟ್ಟೂದಿಲ್ಲ” ಎಂದು ಹಿರಿಯರು ಗದರಿದರು. ಆ ಬಾಲಕನು ಮುಖ ಬಾಡಿಸಿಕೊಂಡು ಹಿಂದೆ ಸರಿದನು. ಸ್ವಲ್ಪ ಹೊತ್ತಿನ ಮೇಲೆ ಮೊಮ್ಮಗನು ಮೆಲ್ಲನೆ ಕೇಳಿದನು: “ಅಜ್ಜಾ, ಆ ಕಡ್ಲಿಹಿಟ್ಟು, ಎಣ್ಣಿ ನಮ್ಮ ಅಂಗಡ್ಯಾಗಿಂದನ ಬಂದಾವಲ್ಲಾ?” ಹಿರಿಯರಲ್ಲಿ ಉತ್ತರವಿರಲಿಲ್ಲ.

ಕಂದಮೂಲವನ್ನು ತ್ಯಜಿಸುವುದು, ಸೂರ್ಯಾಸ್ತಕ್ಕೆ ಮುನ್ನ ಆಹಾರವನ್ನು ಮುಗಿಸುವುದು ಶ್ರೇಷ್ಠವಾದ ನಿಯಮಗಳು. ಸ್ನೇಹಕ್ಕಾಗಿ ಅವುಗಳನ್ನು ಸಡಿಲಿಸಬೇಕೆಂದು ಯಾರೂ ಹೇಳಲಾರರು. ಅನೇಕಾಂತವು ವ್ರತಭಂಗಕ್ಕೆ ಅಪ್ಪಣೆಯಲ್ಲ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿರುವ ಎಂಟು ಮದಗಳಲ್ಲಿ ತಪೋಮದವೂ ಒಂದು. ತನ್ನ ತ್ಯಾಗವನ್ನು ಪರರನ್ನು ಅಳೆಯುವ ಕೋಲಾಗಿ ಮಾಡಿಕೊಂಡವನಿಗೆ ತ್ಯಾಗದ ಫಲವೆಲ್ಲಿ? ಪ್ರಮಾದದಿಂದ ಪ್ರಾಣಗಳಿಗೆ ಉಂಟುಮಾಡುವ ಘಾತವೇ ಹಿಂಸೆ ಎಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಗಡ್ಡೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಮರುಗಿದ ಮನಸ್ಸು ಎದುರಿಗಿದ್ದ ಪಂಚೇಂದ್ರಿಯ ಜೀವದ ನೋವನ್ನು ಕಾಣಲಿಲ್ಲ.

ಮೊಮ್ಮಗನ ಪ್ರಶ್ನೆಯು ಇನ್ನೂ ಆಳವಾದುದು. ತಾನು ಮಾಡಿದುದು ಮಾತ್ರವಲ್ಲ, ಮಾಡಿಸಿದುದು, ಅನುಮೋದಿಸಿದುದು ಕೂಡ ಜೀವದ ಲೆಕ್ಕಕ್ಕೆ ಸೇರುತ್ತದೆ. ಉದ್ಯೋಗಿ ಹಿಂಸೆಯಿಂದ ಗೃಹಸ್ಥನು ಪೂರ್ತಿಯಾಗಿ ಪಾರಾಗಲಾರನು. ಅದನ್ನು ಕಡಿಮೆ ಮಾಡಿಕೊಳ್ಳಲು ಸದಾ ಯತ್ನಿಸಬೇಕು. ರಾತ್ರಿಯವರೆಗೆ ಕುದಿಯುವ ಬಾಣಲೆಗೆ ಎಣ್ಣೆ ಮಾರಿ ಲಾಭ ಪಡೆದವನು ಅದರ ಮುಂದೆ ನಿಂತು ತಿನ್ನುವವನನ್ನು ಹಳಿಯುವುದು ನ್ಯಾಯವಲ್ಲ. ತನ್ನ ಕಿರ್ದಿಯನ್ನು ತಾನೇ ತಿರುವಿ ನೋಡಿಕೊಂಡವನಿಗೆ ಮದಕ್ಕೆ ಅವಕಾಶವಿರುವುದಿಲ್ಲ.

ಸವದತ್ತಿಯು ಹಿಂದೆ ಸುಗಂಧವರ್ತಿ ಎನಿಸಿತ್ತು. ರಟ್ಟರ ಶಾಂತಿವರ್ಮನು 980ರಲ್ಲಿ ಅಲ್ಲಿ ತಾನು ಕಟ್ಟಿಸಿದ ಜಿನಾಲಯಕ್ಕೆ ಭೂಮಿಯನ್ನು ದಾನವಿತ್ತನು. ಅಂದಿನಿಂದ ಇಂದಿನವರೆಗೂ ಈ ನಾಡಿನ ಜೈನರು ಬೇರೆ ಬೇರೆ ಊಟದ ನೆರೆಹೊರೆಯವರೊಡನೆಯೇ ಬಾಳಿದ್ದಾರೆ. ಆ ಬಾಳಿಗೆ ವ್ರತದಷ್ಟೇ ವಿನಯವೂ ಬೇಕು. “ನಮಗ ನೇಮ ಐತಪಾ, ನೀ ತಿನ್ನು” ಎಂಬ ಒಂದು ಮಾತಿನಿಂದ ವ್ರತವೂ ಉಳಿಯುತ್ತದೆ, ಮೈತ್ರಿಯೂ ಉಳಿಯುತ್ತದೆ. ಬಸದಿಗಳ ಟ್ರಸ್ಟಿನವರು ಇಂತಹ ಉತ್ಸವಗಳಲ್ಲಿ ಸೋಸಿದ ನೀರು, ಹಗಲಿನಲ್ಲೇ ದೊರೆಯುವ ಶುದ್ಧ ಆಹಾರ ಇವುಗಳ ಒಂದು ಮಳಿಗೆಯನ್ನು ಎಲ್ಲರಿಗಾಗಿ ತೆರೆದರೆ ಅದು ಯಾವ ಉಪದೇಶಕ್ಕಿಂತಲೂ ಹೆಚ್ಚಿನ ಪ್ರಭಾವನೆಯಾದೀತು.

ಅಂದು ಸೂರ್ಯನು ಮುಳುಗುವ ಮುನ್ನ ಆ ಹಿರಿಯರು ಮನೆಯಿಂದ ತಂದ ಡಬ್ಬಿಯನ್ನು ಬಿಚ್ಚಿದರು. ಮೊದಲ ಚಕ್ಕುಲಿಯನ್ನು ಮೊಮ್ಮಗನ ಕೈಗಿತ್ತು, “ನಿನ್ನ ಗೆಳ್ಯಾನ್ನ ಹುಡಿಕಿ ಕರಕೊಂಡು ಬಾ” ಎಂದರು.