ಕಾಣದ್ದು ಮತ್ತು ಇಲ್ಲದ್ದು

ಡೇಟಾಬೇಸಿನಲ್ಲಿರುವ ಮೌಲ್ಯವನ್ನು ಪ್ರೋಗ್ರಾಮಿಗೆ ತಲುಪಿಸುವುದು ಕ್ಲೈಂಟ್ ಲೈಬ್ರರಿಯ ಕೆಲಸ. ಎರಡೂ ಕಡೆಯ ಡೇಟಾ ಟೈಪ್‌ಗಳು ಒಂದೇ ಆಗಿರುವುದಿಲ್ಲವಾದ್ದರಿಂದ ದಾರಿಯಲ್ಲಿ ಮೌಲ್ಯದ ರೂಪ ಬದಲಾಗಲೇಬೇಕು. ಆಗ ಅರ್ಥ ಉಳಿಯಿತೇ ಎಂದು ಕೇಳುವುದು ಪ್ರಮಾಣಶಾಸ್ತ್ರದ ಹಳೆಯ ಪ್ರಶ್ನೆಯನ್ನೇ ಕೇಳಿದಂತೆ: ಯಾವುದನ್ನು ತಿಳಿದದ್ದೆಂದು ಹೇಳಬಹುದು?

ಉದಾಹರಣೆಗೆ, ಜಮೀನಿನ ಪಹಣಿಯಲ್ಲಿ 2-10 ಎಂದರೆ ಎರಡು ಎಕರೆ ಹತ್ತು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ದಶಮಾಂಶದಲ್ಲಿ ಅದು 2.25. ಗೆರೆಯ ಜಾಗದಲ್ಲಿ ಚುಕ್ಕಿ ಇಟ್ಟು 2.10 ಎಂದು ಓದಿದರೆ ರೈತನ ಆರು ಗುಂಟೆ ಕಾಣೆಯಾಗುತ್ತದೆ. ಇಂಥ ತಪ್ಪನ್ನು ಲೆಕ್ಕ ಹಾಕಿ ಹಿಡಿಯಬಹುದು. ಖಾಲಿ ಜಾಗದ ತಪ್ಪು ಹಾಗೆ ಸಿಕ್ಕುವುದಿಲ್ಲ. ಪಹಣಿಯ ಖರಾಬು (ಸಾಗುವಳಿಗೆ ಬಾರದ ಜಮೀನು) ಕಲಮಿನಲ್ಲಿ ಸೊನ್ನೆ ಇದ್ದರೆ ಖರಾಬು ಇಲ್ಲವೆಂದು ಅಳೆದವರು ಹೇಳಿದ್ದಾರೆ. ಖಾಲಿ ಇದ್ದರೆ ಯಾರೂ ಏನೂ ಹೇಳಿಲ್ಲ. ಡೇಟಾಬೇಸ್ ಈ ಖಾಲಿಯನ್ನು ‘ನಲ್’ ಎಂದು ಬೇರೆಯಾಗಿಯೇ ಇಡುತ್ತದೆ. ಆದರೆ ಡೇಟಾಬೇಸ್ ಓದಲು ಬಳಸುವ ಜಾವಾದ ಜೆಡಿಬಿಸಿಯಲ್ಲಿ ಗೆಟ್‌ಇಂಟ್ ಮೂಲಕ ಕೇಳಿದರೆ ಅದಕ್ಕೂ ಸೊನ್ನೆಯೇ ಬರುತ್ತದೆ. ವಾಸ್‌ನಲ್ ಎಂದು ಮತ್ತೊಮ್ಮೆ ವಿಚಾರಿಸಿದವರಿಗಷ್ಟೇ ನಿಜ ಗೊತ್ತಾಗುತ್ತದೆ.

ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅಭಾವವನ್ನು ತಿಳಿಯಲು ಅನುಪಲಬ್ಧಿ (ಕಾಣದಿರುವಿಕೆ) ಎಂಬ ಆರನೆಯ ಪ್ರಮಾಣವನ್ನು ಒಪ್ಪುತ್ತಾರೆ. ಆದರೆ ಕಾಣದಿರುವುದೆಲ್ಲ ಪ್ರಮಾಣವಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಕಡೆ ಕಾಣದಿರಬೇಕು. ಅದಕ್ಕೇ ಅದನ್ನು ಯೋಗ್ಯಾನುಪಲಬ್ಧಿ ಎನ್ನುವುದು. ಬೆಳಕಿರುವ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ. ಖರಾಬು ಕಲಮಿನ ಸೊನ್ನೆ ಬೆಳಕಿನಲ್ಲಿ ನೋಡಿ ಹೇಳಿದ ಮಾತು. ನಲ್ ಕತ್ತಲಲ್ಲಿ ಕಾಣದೆ ಉಳಿದದ್ದು. ಎರಡನ್ನೂ ಒಂದು ಮಾಡುವ ಲೈಬ್ರರಿ ನೋಡದೆಯೇ ಸಾಕ್ಷಿ ನುಡಿಯುತ್ತದೆ.

ತಾರೀಖಿನ ವಿಷಯದಲ್ಲೂ ಇದೇ ತಪ್ಪು ನುಸುಳಬಹುದು. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ 2015ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಬೆಳಕಿಗೆ ಬಂತು. ಅವರ ನಿಧನಕ್ಕೆ ಸಾಮಾನ್ಯವಾಗಿ ಕೊಡುವ ವರ್ಷ 1569. ವರ್ಷವೊಂದನ್ನೇ ಕೊಟ್ಟರೆ ಡೇಟ್ ಟೈಪ್ ಒಪ್ಪದು, ತಿಂಗಳು, ದಿನವೂ ಬೇಕು. ಜನವರಿ 1 ಎಂದು ಸುಮ್ಮನೆ ತುಂಬಿದರೆ ಯಾರೂ ಹೇಳದ ಪುಣ್ಯತಿಥಿಯೊಂದು ಹುಟ್ಟಿಕೊಳ್ಳುತ್ತದೆ. ತೊಡಕು ಅಲ್ಲಿಗೇ ನಿಲ್ಲದು. ಗ್ರೆಗೋರಿಯನ್ ಕ್ಯಾಲೆಂಡರ್ ಬಂದದ್ದು 1582ರಲ್ಲಿ. ಜಾವಾದ ಹಳೆಯ ಡೇಟ್ ಅದಕ್ಕೂ ಹಿಂದಿನ ದಿನಗಳನ್ನು ಜೂಲಿಯನ್ ಲೆಕ್ಕದಲ್ಲಿ ಎಣಿಸುತ್ತದೆ, ಹೊಸ ಲೋಕಲ್‌ಡೇಟ್ ಗ್ರೆಗೋರಿಯನ್ ಲೆಕ್ಕವನ್ನೇ ಹಿಂದಕ್ಕೂ ಹಿಡಿಯುತ್ತದೆ. 1569ರ ಒಂದೇ ದಿನಕ್ಕೆ ಎರಡೂ ಹತ್ತು ದಿನ ಅಂತರದ ಬೇರೆ ಬೇರೆ ತಾರೀಖು ಕೊಡುತ್ತವೆ.

ವರ್ಷವಷ್ಟೇ ತಿಳಿದಿದ್ದರೆ ವರ್ಷವನ್ನಷ್ಟೇ ಪೂರ್ಣಾಂಕವಾಗಿ ಇಡುವುದು ಸರಿ. ಅರ್ಥ ಕೆಡದಂತೆ ಬದಲಿಸಲಾಗದ ಮೌಲ್ಯ ಬಂದಾಗ ಲೈಬ್ರರಿ ದೋಷ ತೋರಿಸಿ ಅಲ್ಲಿಯೇ ನಿಲ್ಲಬೇಕು.